ಬರಿಗಾಲಿನ ಹರಕೆ

ಬೀರಯ್ಯ ಮೇಷ್ಟ್ರು ಯಾವ ಶಾಲೆಗೂ ಮೇಷ್ಟ್ರಲ್ಲ. ಬೆಂಗಳೂರಿನ ಮಿಲ್ಲೊಂದರ ಫುಟ್‌ಬಾಲ್ ತಂಡದಲ್ಲಿ ಒಂಬತ್ತು ವರ್ಷ ಸೆಂಟರ್ ಹಾಫ್ ಆಗಿದ್ದವರು. ಮೈದಾನದ ನಟ್ಟನಡುವೆ ನಿಂತು, ಹಿಂದಿನವರಿಂದ ಚೆಂಡು ಪಡೆದು ಮುಂದಿನವರಿಗೆ ಒದಗಿಸುವ ಕೆಲಸ, ಅದೂ ಬರಿಗಾಲಿನಲ್ಲಿ. ಮಂಡಿ ಕೈಕೊಟ್ಟ ಮೇಲೆ ಚಾಮರಾಜನಗರಕ್ಕೆ ಬಂದು ಹುಡುಗರಿಗೆ ಆಟ ಕಲಿಸತೊಡಗಿದರು. ಬೂಟು ಕಂಡರೆ ಮೈಯೆಲ್ಲ ಉರಿ. "ಬೂಟಿಕ್ಕೊಂಡು ಆಡೋದೂ ಒಂದೇಯ, ಕೈಗೆ ಗೋಣಿಚೀಲ ಸುತ್ಕೊಂಡು ಮುದ್ದೆ ಉಣ್ಣೋದೂ ಒಂದೇಯ ಕಣ್ಲಾ" ಎನ್ನುತ್ತಿದ್ದರು.

ಆರು ವರ್ಷದಲ್ಲಿ ಅವರ ಮನಸ್ಸಿಗೆ ಹಿಡಿಸಿದವನು ಒಬ್ಬನೇ: ಹರದನಹಳ್ಳಿಯ ಪುಟ್ಟಮಾದು, ಕೂಲಿ ಮಾಡುವ ಮರಿತಾಯಮ್ಮನ ಮಗ. ಅವನ ಪಾದಕ್ಕೆ ಚೆಂಡು ಬಂದರೆ ಸಾಕು, ಮೇಷ್ಟ್ರು ಕುಂಟುವುದನ್ನೂ ಮರೆತು ಗೆರೆಯುದ್ದಕ್ಕೂ ಓಡುತ್ತಿದ್ದರು. ಹಳೆಯ ಮಿಲ್ಲಿಗೆ ಕಾಗದದ ಮೇಲೆ ಕಾಗದ ಬರೆದರು. ಕೊನೆಗೂ ಉತ್ತರ ಬಂತು: ಗುಂಡ್ಲುಪೇಟೆಯ ಪಂದ್ಯಕ್ಕೆ ನಮ್ಮವರು ಬಂದು ಹುಡುಗನನ್ನು ನೋಡುತ್ತಾರೆ, ಹಿಡಿಸಿದರೆ ಕೆಲಸ ಕೊಡುತ್ತೇವೆ.

ಹುಡುಗ ಆಟಕ್ಕೆ ಬಂದ ಮೊದಲ ದಿನವೇ ಮೇಷ್ಟ್ರು ಮರಿತಾಯಮ್ಮನಿಗೆ, "ಇವನ ಕಾಲಿಗೆ ಕೆರ ಇಕ್ಕಿಸ್ಬೇಡ ಕಣವ್ವ, ಪಾದ ಮೆತ್ತಗಾಯ್ತದೆ" ಅಂದಿದ್ದರು. ಆಕೆ ಅದನ್ನು ಅಲ್ಲಿಗೇ ಬಿಡುವ ಹೆಂಗಸೇ? ಮಿಲ್ಲಿನ ಮಾತು ಬಂದಾಗ ಮಾದಪ್ಪನ ಬೆಟ್ಟಕ್ಕೆ ಹೋಗಿ, ಮಗನಿಗೆ ಮಿಲ್ಲಿನ ಕೆಲಸ ಸಿಗುವ ತನಕ ಅವನ ಕಾಲಿಗೆ ಕೆರ, ಚಪ್ಪಲಿ, ಬೂಟು ಯಾವುದನ್ನೂ ಸೋಕಿಸುವುದಿಲ್ಲವೆಂದು ಹರಕೆ ಕಟ್ಟಿಕೊಂಡು ಬಂದಳು. ಕೇಳಿ ಮೇಷ್ಟ್ರಿಗೆ ಖುಷಿಯೋ ಖುಷಿ. ದೇವರೂ ತಮ್ಮ ಕಡೆಗೇ ಬಂದನಲ್ಲ ಎಂದು ಮೀಸೆ ತಿರುವಿದರು.

ಐವತ್ತಾರನೆಯ ಇಸವಿಯ ಜನವರಿಯಲ್ಲಿ ಎಲ್ಲರೂ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಹೋದರು. ಮಗನ ಆಟ ನೋಡಲು ಮರಿತಾಯಮ್ಮನೂ ಬಂದಳು. ಮೈದಾನಕ್ಕೆ ಇಳಿಯುವ ಹೊತ್ತಿಗೆ ರೆಫರಿ ಅಡ್ಡ ನಿಂತ. ಹೊಸ ರೂಲು, ಬೂಟಿಲ್ಲದವರು ಆಡುವ ಹಾಗಿಲ್ಲ. ಬೆಳಿಗ್ಗೆ ಸೋತ ತಂಡದವರು ತಮ್ಮ ಬೂಟು ಬಿಚ್ಚಿಕೊಟ್ಟರು. ಹತ್ತು ಮಂದಿ ಹಾಕಿಕೊಂಡರು. ಪುಟ್ಟಮಾದು ಅವ್ವನ ಮುಖ ನೋಡುತ್ತ ನಿಂತ. ಕುರ್ಚಿಯಲ್ಲಿ ಕೂತಿದ್ದ ಮಿಲ್ಲಿನವನು ಗಡಿಯಾರ ನೋಡಿಕೊಂಡ.

ಮೇಷ್ಟ್ರು ಹುಡುಗನ ಬರಿಗಾಲು ನೋಡಿದರು. ಕೆಲಸ ಸಿಗುವ ತನಕ ಬೂಟಿಲ್ಲ, ಬೂಟಿಲ್ಲದೆ ಕೆಲಸವಿಲ್ಲ. ಈ ಗಂಟು ಹಾಕಿದವರು ಬೇರೆ ಯಾರೂ ಅಲ್ಲ, ತಾವೇ. ಮರಿತಾಯಮ್ಮನ ಹತ್ತಿರ ಹೋಗಿ ಕೈ ಮುಗಿದರು.

"ಒಂದ್ ಗಂಟೆ ಬುಟ್ಬುಡವ್ವ. ಆಮೇಲೆ ತಪ್ಪುಗಾಣಿಕೆ ಹಾಕುದ್ರಾಯ್ತು."

"ನಿಮ್ ಮಾತ್ನೇ ಅಲ್ವಾ ಸಾಮಿ, ನಾನು ಮಾದಪ್ಪನ ಮುಂದೆ ಇಟ್ಟಿದ್ದು?" ಎಂದಳು. ಸಿಟ್ಟಿರಲಿಲ್ಲ, ನಿಜವಾಗಿ ಕೇಳುತ್ತಿದ್ದಳು. "ಬೂಟಿಕ್ಕುದ್ರೂ ಇವ್ನು ಚೆನ್ನಾಗಾಡ್ತಾನಾ? ನೀವೇ ಯೋಳಿ."

ಆಡುವುದಿಲ್ಲ ಎಂದು ಮೇಷ್ಟ್ರಿಗೆ ಗೊತ್ತಿತ್ತು. ಅವರಷ್ಟು ಚೆನ್ನಾಗಿ ಅದು ಆ ಮೈದಾನದಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ. ಆದರೂ ಬಾಯಿಂದ ಬಂದದ್ದೇ ಬೇರೆ.

"ಆಡ್ತಾನೆ ಕಣವ್ವ."

ಆಕೆ ಬೆಟ್ಟದ ದಿಕ್ಕಿಗೆ ತಿರುಗಿ ಕೆನ್ನೆ ಬಡಿದುಕೊಂಡು, ಮಗನಿಗೆ ಹೂಂ ಅಂದಳು.

ಅರ್ಧ ಆಟ ಸಾಕಾಯಿತು. ಪುಟ್ಟಮಾದುವಿನ ಕಾಲು ಅವನದಾಗಿರಲಿಲ್ಲ. ಎಡಕ್ಕೆ ಕೊಟ್ಟ ಚೆಂಡು ಹೊರಗೆ ಹೋಯಿತು, ನಿಲ್ಲಿಸಲು ಹೋದದ್ದು ಪುಟಿದು ಎದುರಾಳಿಯ ಪಾಲಾಯಿತು. ಎರಡು ಸಲ ಮುಗ್ಗರಿಸಿ ಬಿದ್ದ. ಜನ ಹೋ ಎಂದರು. ಮೇಷ್ಟ್ರು ಗೆರೆಯ ಆಚೆ ನಿಂತು "ಮೆತ್ತಗೆ ಕಣ್ಲಾ, ಮೆತ್ತಗೆ" ಎಂದು ಕೂಗುತ್ತಲೇ ಇದ್ದರು. ಒಳಗೆ ನುಗ್ಗಿ ಆ ಬೂಟನ್ನು ಕಿತ್ತೆಸೆಯೋಣ ಅನ್ನಿಸುತ್ತಿತ್ತು. ಏನೂ ಮಾಡುವ ಹಾಗಿರಲಿಲ್ಲ.

ಅರ್ಧ ಆಟದ ಸೀಟಿ ಊದುವ ಮುಂಚೆಯೇ ಮಿಲ್ಲಿನವನು ಎದ್ದ. "ನಡುವೆ ಆಡೋ ಕಾಲಲ್ಲ ಬೀರಯ್ಯ ಅದು" ಎಂದು ಹೆಗಲು ತಟ್ಟಿ ಮೈಸೂರಿನ ಬಸ್ಸಿಗೆ ಹೊರಟುಹೋದ. ಬರಿಗಾಲಲ್ಲಿ ಒಂದೇ ಒಂದು ಸಲ ನೋಡಿ ಎನ್ನಲು ಮೇಷ್ಟ್ರು ಕುಂಟುತ್ತ ಹಿಂದೆ ಹೋದರು. ಅವನು ತಿರುಗಿ ನೋಡಲಿಲ್ಲ.

ವಾಪಸು ಬಂದಾಗ ಮರಿತಾಯಮ್ಮ ಮಗನ ಬೂಟು ಬಿಚ್ಚಿ, ಬೊಬ್ಬೆ ಎದ್ದ ಪಾದವನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಹರಕೆಯೂ ಮುರಿಯಿತು, ಕೆಲಸವೂ ಹೋಯಿತು. ಆಕೆ ಬೈಯಲಿ, ಶಾಪ ಹಾಕಲಿ ಎಂದು ಮೇಷ್ಟ್ರು ತಲೆ ತಗ್ಗಿಸಿ ಕಾದರು.

ಮರಿತಾಯಮ್ಮ ತಲೆಯೆತ್ತಿ ನೋಡಿದಳು.

"ಈಗ ಏನ್ ಮಾಡನ ಮೇಷ್ಟ್ರೇ? ಯೋಳಿ. ನೀವ್ ಯೋಳ್ದಂಗೇ ಮಾಡ್ತೀವಿ."