ಪರವಾ

ಸ್ಲ್ಯಾಬಿನ ಅಂಚಿನಿಂದ ಕೊನೆಯ ನೀರು ತೊಟ್ಟಿಕ್ಕುತ್ತಿದೆ, ಮೇಲೆ ಹಾಸಿದ ಗೋಣಿಚೀಲ ಒಣಗುವ ವಾಸನೆ, ಇದು ತೆಲಸಂಗದಲ್ಲಿ ಕಟ್ಟುತ್ತಿರುವ ಶಾಲೆ, ಅಕ್ಕೋಳದ್ದಲ್ಲ, ಬ್ರಾಹ್ಮಿ ತನಗೆ ತಾನೇ ಹೇಳಿಕೊಂಡಳು, ಇಲ್ಲಿಯ ಮಣ್ಣಿನ ಬಣ್ಣವೇ ಬೇರೆ — ಸೆಂಟ್ರಿಂಗ್ ಬಿಚ್ಚಲೇನ್ರಿ ಬಾಯಿ, ಮೇಸ್ತ್ರಿ ಭರಮು ಸುತ್ತಿಗೆ ಹಿಡಿದು ಕೇಳುತ್ತಿದ್ದಾನೆ, ಸ್ಲ್ಯಾಬನ್ನು ಹೊತ್ತ ಸೆಂಟ್ರಿಂಗಿನ ಹಲಗೆ, ಆಸರೆ ಕಂಬಗಳು ಅವಳ ಸುತ್ತ ಸಾಲಾಗಿ ನಿಂತಿವೆ, ಕಾಂಕ್ರೀಟು ಗಟ್ಟಿಯಾಗಿದೆ, ಅದೇ ಕಾಂಕ್ರೀಟಿನ ಕ್ಯೂಬ್ ಪರೀಕ್ಷೆಗೆ ಒಡೆಸಿ ನೋಡಿದ್ದಾಳೆ, ಎಂಜಿನಿಯರ್ ಆದ ಅವಳ ಒಂದು ಮಾತು ಸಾಕು, ಆ ಮಾತು ಬರುತ್ತಿಲ್ಲ, ಇವತ್ತು ಬರದಿದ್ದರೆ ಇನ್ನು ಯಾವ ಸೈಟಿನಲ್ಲೂ ಬರುವುದಿಲ್ಲ, ಅದು ಅತ್ತೆ ತಾರಾಬಾಯಿಗೂ ಗೊತ್ತು, ಅದಕ್ಕೇ ದಿನಾ ಅನ್ನುತ್ತಾಳೆ, ಬಿಟ್ಟಬಿಡ ಬ್ರಾಹ್ಮಿ, ನಿನ್ನ ಗಂಡನ್ನ ತಿಂದ ಕೆಲಸ ಅದು, ಚಿಕ್ಕೋಡಿ ಸಾಲ್ಯಾಗ ಗಣಿತಾ ಕಲಸು, ನೆಳ್ಳಾಗ ಇರು — ನೆರಳು, ಅಕ್ಕೋಳದ ಸ್ಲ್ಯಾಬಿನ ಕೆಳಗೂ ನೆರಳೇ ಇತ್ತು, ಅಲ್ಲಿಯ ಎಂಜಿನಿಯರ್ ಅವಳ ಗಂಡ ಸುಹಾಸ, ನಿಪ್ಪಾಣಿಯ ಗೆಳೆಯರೊಂದಿಗೆ ಮರಾಠಿ, ಸೈಟಿನಲ್ಲಿ ಕನ್ನಡ, ಅವಸರದಲ್ಲಿ ಎರಡೂ ಆಡುತ್ತಿದ್ದ, ಅವತ್ತು ಇದೇ ಭರಮು ಫೋನಿನಲ್ಲಿ ಇದನ್ನೇ ಕೇಳಿದ್ದ, ಬಿಚ್ಚಲೇನ್ರಿ ಸಾಹೇಬ್ರ, ಸುಹಾಸ ಪರವಾ ಅಂದ, ಲೈನು ಕಟ್ಟಾಯಿತು, ಅವನದು ಮರಾಠಿಯ ಪರವಾ, ನಾಡಿದ್ದು ಬಿಚ್ಚು ಅಂತ, ಭರಮುವಿನ ಕಿವಿಗೆ ಅದು ಕನ್ನಡದ ಪರವಾ ಇಲ್ಲ, ಈಗಲೇ ಬಿಚ್ಚು ಅಂತ, ಕಿವಿಗೆ ಬೀಳದ ಇಲ್ಲ ಎಂಬ ಮಾತನ್ನು ಅವನೇ ಸೇರಿಸಿಕೊಂಡ, ಯಾರಾದರೂ ಸೇರಿಸಿಕೊಳ್ಳುತ್ತಿದ್ದರು, ಅವಳೂ — ಸುಹಾಸ ಬಂದವನೇ ಯಾರ್ಲೇ ಬಿಚ್ಚಾಕ ಹೇಳಿದ್ದು ಅನ್ನುತ್ತ ಕಂಬವೊಂದನ್ನು ಎತ್ತಿಕೊಂಡು ಹಸಿ ಸ್ಲ್ಯಾಬಿನ ಕೆಳಗೇ ಓಡಿದ, ಮರಳಿ ನಿಲ್ಲಿಸಲು, ಸ್ಲ್ಯಾಬು ಅವನ ಮೇಲೇ ಕುಸಿಯಿತು, ಹೊರತೆಗೆದಾಗ ರೆಪ್ಪೆಯೆಲ್ಲ ಬೆಳ್ಳಗೆ, ಸಿಮೆಂಟಿನ ಧೂಳು, ಮುದುಕನಾಗಿದ್ದರೆ ಹೀಗೆ ಕಾಣುತ್ತಿದ್ದ ಅನ್ನಿಸಿತು ಅವಳಿಗೆ, ಅಷ್ಟೇ ಅನ್ನಿಸಿತು, ಅಳು ಬರಲಿಲ್ಲ, ಈಗಲೂ ಬಂದಿಲ್ಲ.

ಬಾಯಾರ ಬಾಯಿ ಇವತ್ತ ತೆರಿಯಂಗ ಕಾಣೂದಿಲ್ಲ, ಬುಟ್ಟಿ ಮಗುಚಿ ಕೂತ ಕೂಲಿಯ ಮಾಯಾ ನಗುತ್ತಾಳೆ, ಸುಮ್ಕಿರಬೇ, ಭರಮು ಗದರಿ ಇತ್ತ ತಿರುಗುತ್ತಾನೆ, ಹೂಂ ಅನಬ್ಯಾಡ್ರಿ ಬಾಯಿ, ಕೈಸನ್ನೀನೂ ಬ್ಯಾಡ, ಬಿಚ್ಚು ಅಂತ ಪೂರಾ ಕನ್ನಡದಾಗ ಹೇಳ್ರಿ, ಇಲ್ಲಂದ್ರ ನನ್ನ ಕೈ ಏಳೂದಿಲ್ಲ — ಅವನಿಗೂ, ಅವನಿಗೂ ಅಂದಿನಿಂದ ನಿದ್ದೆ ಇಲ್ಲ — ಬಿಚ್ಚು ಭರಮಣ್ಣ, ಇವತ್ತ ಬಿಚ್ಚು, ಅಂದದ್ದು ಯಾರು, ಅವಳದೇ ದನಿ, ಹಂಗಾರ ನೀವು ಹೊರಗ ಬರ್ರಿ, ಭರಮು ಅಂದ, ಇಲ್ಲ, ಹೇಳಿದಾಕಿ ನಾನು, ಇಲ್ಲೇ ನಿಲ್ತೀನಿ, ಸುತ್ತಿಗೆಯ ಏಟು ಬಿತ್ತು, ಒಂದು ಕಂಬ ಜಾರಿತು, ಇನ್ನೊಂದು, ಸ್ಲ್ಯಾಬು ನಿಂತಿದೆ, ಎಲ್ಲ ಕಂಬ ಹೋದರೂ ನಿಂತೇ ಇದೆ, ಹಲಗೆಯ ಸಂದಿಯಿಂದ ಧೂಳು ಸುರಿದು ಕಣ್ಣು ಮುಚ್ಚಿಸಿತು, ಬಾಯಿ, ಆತ್ರಿ, ಕಣ್ಣ ತೆರಿರಿ, ತೆರೆಯಬೇಕು, ತೆರೆದರೆ ತೆಲಸಂಗ, ಮುಚ್ಚಿದರೆ ಬಿಳಿ ರೆಪ್ಪೆ, ಅವನ ಬಿಳಿ ರೆಪ್ಪೆ, ಬಿಳಿ ರೆಪ್ಪೆ