ಬಾಗಿಲಿಗೆ ಹಾಸಿದ ಕಂಬಳಿ

ಘಾಟಬೋರಾಳದ ಭೀಮಶಾನಿಗೆ ಅಕ್ಷರ ಅಷ್ಟಕ್ಕಷ್ಟೆ. ಆದರೆ ಹುಟ್ಟಿದಾಗಿನಿಂದ ಕುರಿ ಎಣಿಸಿದವನು, ಅಂಕಿ ತಪ್ಪುವವನಲ್ಲ. ಹುಮನಾಬಾದಿನ ದವಾಖಾನೆಯಲ್ಲಿ ನರ್ಸ್ ತಹಸೀನ್ ಅವನ ಹೆಂಡತಿ ಬಾಳಮ್ಮನ ಬೆರಳಿಗೆ ಸಣ್ಣ ಯಂತ್ರವೊಂದನ್ನು ಸಿಕ್ಕಿಸಿ, "ಅಜ್ಜಾ, ಇದರಾಗಿನ ಆಕ್ಸಿಜನ್ ನಂಬರ್ ತೊಂಬತ್ತರ ಕೆಳಗ ಇಳೀತಂದ್ರ ನನ್ನ ಕೂಗ್ರಿ" ಎಂದದ್ದು ಒಂದೇ ಮಾತಿಗೆ ತಿಳಿಯಿತು.

ಜ್ವರದ ವೈರಸ್ಸು ಬಾಳಮ್ಮನ ಶ್ವಾಸಕೋಶಕ್ಕೆ ಇಳಿದಿತ್ತು. "ಈ ಆಕ್ಸಿಜನ್ ರೋಗಾನ ಕೊಲ್ಲಂಗಿಲ್ಲ," ಎಂದಿದ್ದರು ಡಾಕ್ಟರು. "ಆಕಿ ಮೈ ತಾನೇ ಗೆಲ್ಲೂತನಕ ಆಸರಾ ಅಷ್ಟ. ನಾಳೆ ಮುಂಜಾನಿತನಕ ನಂಬರ್ ನಿಂತ್ರ ಛಲೋ. ಇಲ್ಲಂದ್ರ ಬೀದರಕ್ಕ ಒಯ್ದು ದೊಡ್ಡ ಮಷೀನಿಗಿ ಹಚ್ಚಬೇಕು." ಭೀಮಶಾ ತಲೆಯಾಡಿಸಿದ. ಕಾಲಲ್ಲಿ ಬಲವಿಲ್ಲದ ಮರಿಯನ್ನು ತಾಯಿಯ ಮೊಲೆಗೆ ಹಿಡಿದು ನಿಲ್ಲಿಸುವುದು ಅವನಿಗೆ ಹೊಸದಲ್ಲ. ಹಿಡಿದ ಕೈ ಬಿಡಬಾರದು, ಅಷ್ಟೆ.

ಕೈ ಬಿಡಿಸುವವರು ನೆಂಟರು. ಅವರ ಬಳಗದಲ್ಲಿ ಹಾಸಿಗೆ ಹಿಡಿದವರನ್ನು ನೋಡಲು ಹೋದರೆ, "ನಾ ಯಾರು, ಗುರ್ತ ಹಿಡಿ" ಎಂದು ಕೇಳಲೇಬೇಕು. ರೋಗಿಯ ಬಾಯಿಂದ ತಮ್ಮ ಹೆಸರು ಬಂದರೇ ನೋಡಿ ಬಂದ ಹಾಗೆ. ಮೂಗು ಬಾಯಿಗೆ ಆಕ್ಸಿಜನ್ ಮಾಸ್ಕ್ ಕಟ್ಟಿದವಳು ಹೆಸರು ಹೇಳುವುದು ಹೇಗೆ?

ಬಾಳಮ್ಮನ ಅಣ್ಣನ ಮಗ ಅನೀಲಕುಮಾರ ಬಂದವನೇ ಮಾಸ್ಕನ್ನು ಗದ್ದಕ್ಕೆ ಎಳೆದ. "ಅತ್ತೀ, ನಾ ಯಾರು?" ತೊಂಬತ್ತನಾಲ್ಕು ಇದ್ದದ್ದು ತೊಂಬತ್ತೊಂದಾಯಿತು. ಭೀಮಶಾ ಎದ್ದು ಮಾಸ್ಕು ಸರಿಮಾಡಿದ. ಅಷ್ಟರಲ್ಲಿ ಓಣಿಯ ಸೋನುಬಾಯಿ ಬಂದು ಮತ್ತೆ ಎಳೆದಳು. "ಬಾಯಿ ಒಣಗ್ಯಾದ ನೋಡ್ರಿ, ಒಂದು ಗುಟುಕು ಚಾ ಹಾಕ್ತೀನಿ." ಎಂಬತ್ತೆಂಟು! ಕೂಗಿದ ಕೂಡಲೇ ತಹಸೀನ್ ಓಡಿ ಬಂದಳು.

"ಅಜ್ಜಾ, ಇದೇನು ಮುಖ ನೋಡೋ ಶಾಸ್ತ್ರಾನ? ನಿಮಗ ಹೇಳಿ ಹೇಳಿ ನನಗ ಉಸಿರು ಹತ್ತಾಕತ್ತದ!"

"ನಾ ಏನ್ ಮಾಡ್ಲಿ ಬೇಟಿ? ಕುರಿಯಾದ್ರ ಹೊಡದು ತಿರುಗಸ್ತಿದ್ದೆ. ಇವ್ರು ನೆಂಟ್ರು."

ಹೇಳಿದ, ಕೈ ಮುಗಿದ, ಬಾಗಿಲು ಹಾಕಿದ. ಆದರೂ ನೆಂಟರು ತಳ್ಳಿಕೊಂಡು ಬಂದರು. ಆಗ ನೆನಪಾಯಿತು. ಅವನು ಸಣ್ಣವನಿದ್ದಾಗ ಕುರಿಗಳಿಗೆ ಬೇನೆ ಬಿದ್ದಿತ್ತು. ಹೊರಗಿನವರು ಒಳಗೆ ಬಾರದಂತೆ ಅಪ್ಪ ಹಟ್ಟಿಯ ಬಾಯಿಗೆ ಕಂಬಳಿ ಹಾಸಿ ಕುಳಿತಿದ್ದ. ಅವರಲ್ಲಿ ಹಾಸಿದ ಕಂಬಳಿಯೆಂದರೆ ದೇವರು ಕೂರುವ ಗದ್ದುಗೆ. ಅದನ್ನು ತುಳಿಯುವ ಧೈರ್ಯ ಊರ ಗೌಡನಿಗೂ ಬರಲಿಲ್ಲ.

ಭೀಮಶಾ ಹೆಗಲ ಕಂಬಳಿ ಕೊಡವಿ ಬಾಗಿಲಿಗೆ ಅಡ್ಡ ಹಾಸಿದ. ಒಳಬದಿಗೆ ಬರಿನೆಲದ ಮೇಲೆ ತಾನು ಕುಳಿತ.

ಮಧ್ಯಾಹ್ನ ಬಸವಕಲ್ಯಾಣದ ಬಸ್ಸಿಳಿದು ಬಾಳಮ್ಮನ ತಂಗಿ ಅಂಬುಬಾಯಿ ಐದು ಜನ ಹೆಂಗಸರನ್ನು ಕಟ್ಟಿಕೊಂಡು ಬಂದಳು. ಎತ್ತಿದ ಕಾಲು ಎತ್ತಿದಂತೆಯೇ ನಿಂತಿತು.

"ಮಾಮಾ, ತೆಗೀರಿ ಅದನ್ನ!"

"ದಾಟಿ ಬಾ, ಬ್ಯಾಡ ಅಂದವರ್ಯಾರು?"

"ಕಂಬಳಿ ಹ್ಯಾಂಗ ತುಳೀಲಿ?"

"ಹಂಗಾದ್ರ ಅಲ್ಲೇ ನಿಂದ್ರು."

"ಕಲ್ಯಾಣದಿಂದ ಬಂದೀನ್ರಿ! ಅಕ್ಕ ನನ್ನ ಗುರ್ತ ಹಿಡೀಬೇಕಲ್ಲ?"

"ಅರವತ್ತು ವರ್ಷದಿಂದ ಹಿಡದಾಳ ತಾಯಿ. ಇನ್ನ ಎಷ್ಟು ಸಲ ಹಿಡೀಬೇಕು?"

ಅಂಬುಬಾಯಿ ಅತ್ತಳು, ಬೈದಳು, ಹೊರಗೇ ಬುತ್ತಿ ಬಿಚ್ಚಿ ಉಂಡಳು. ತಹಸೀನ್ ಬಂದಾಗಲೆಲ್ಲ ಭೀಮಶಾ ಕಂಬಳಿಯ ಮೂಲೆ ಮಡಿಚಿ ದಾರಿ ಬಿಟ್ಟ.

ಮರುದಿನ ಮುಂಜಾನೆ ತೊಂಬತ್ತೈದು. ಡಾಕ್ಟರು ಆಕ್ಸಿಜನ್ ಸ್ವಲ್ಪ ಕಡಿಮೆ ಮಾಡಿಸಿ, "ಬೀದರ ಬ್ಯಾಡ" ಎಂದು ಹೋದರು. ಭೀಮಶಾ ಉಸಿರು ಬಿಡುವಷ್ಟರಲ್ಲಿ ಬಾಳಮ್ಮ ತಾನೇ ಮಾಸ್ಕು ಎಳೆದಳು.

"ನನ್ನ ತಂಗೀನ ಹೊರಗ ನಿಂದ್ರಿಸಿದಿ, ಹೌದಿಲ್ಲೋ? ಮಂದಿ ಏನಂತಾರ?"

ತೊಂಬತ್ತೆರಡು.

"ಬೈಯಿ," ಎಂದು ಭೀಮಶಾ ಮಾಸ್ಕು ಏರಿಸಿ ಹಿಡಿದ. "ಆದ್ರ ಒಳಗಿಂದ ಬೈಯಿ."

ಬಾಳಮ್ಮ ಬೈಯುತ್ತಲೇ ಇದ್ದಳು. ಮಾಸ್ಕಿನ ಒಳಗೆಲ್ಲ ಹಬೆ ಕಟ್ಟಿತು. ಭೀಮಶಾ ಒಂದು ಮಾತೂ ಕೇಳಿಸಿಕೊಳ್ಳಲಿಲ್ಲ. ತೊಂಬತ್ತಮೂರು, ತೊಂಬತ್ತನಾಲ್ಕು ಎಂದು ಎಣಿಸುತ್ತ ಕುಳಿತ.