ನಾಲ್ಕೂ ಚಕ್ರ ಎಳೆಯುವ ಕಾರು

ನನ್ನ ಅಣ್ಣ ರಾದಿಸಾವ್ ಕಾರು ಓಡಿಸುವುದಿಲ್ಲ. ಹರೆಯದಲ್ಲಿ ಮರ ಸೀಳುವಾಗ ಚಕ್ಕೆಯೊಂದು ಸಿಡಿದು ಎಡಗಣ್ಣು ಹೋಯಿತು. ಬಲಗಣ್ಣಿನ ದೃಷ್ಟಿಯೂ ಅಷ್ಟಕ್ಕಷ್ಟೇ. ಹಾಗಾಗಿ ಆ ಮನೆಯಲ್ಲಿ ಸ್ಟೀರಿಂಗ್ ಹಿಡಿಯುವವಳು ಮೊದಲಿನಿಂದಲೂ ಅತ್ತಿಗೆ ಮಿಲಿಯಾನಾ ಒಬ್ಬಳೇ. ಆದರೂ ಕಾರಿನ ಮಾತು ಬಂದರೆ ಎಲ್ಲರೂ ಅಣ್ಣನ ಕಡೆ ತಿರುಗಿಯೇ ಮಾತಾಡುತ್ತಿದ್ದರು. ಅಣ್ಣ ಪಾಪ, ತಲೆಯಾಡಿಸುತ್ತ ಕೇಳಿಸಿಕೊಂಡು, ಆಮೇಲೆ ಹೆಂಡತಿಯ ಮುಖ ನೋಡುತ್ತಿದ್ದ.

ಅವರ ಮನೆ ಇರುವುದು ಕೊಲಾಶಿನ್ ಪೇಟೆಯಿಂದ ತುಂಬ ಮೇಲೆ, ವ್ರಾನ್ಯಾಕ್ ಎಂಬ ಹಳ್ಳಿಯಲ್ಲಿ. ಡಾಂಬರು ಕೆಳಗಿನ ಸೇತುವೆಯ ಹತ್ತಿರವೇ ಮುಗಿಯುತ್ತದೆ. ಅಲ್ಲಿಂದ ಬರೀ ಜಲ್ಲಿ, ಏರು, ತಿರುವು. ಬೇಸಿಗೆಯಲ್ಲಿ ಧೂಳು, ಆಮೇಲೆ ಕೆಸರು, ಅದರ ಮೇಲೆ ಏಪ್ರಿಲ್‌ವರೆಗೂ ಹಿಮ. ಒಂದು ಚಳಿಗಾಲದಲ್ಲಿ ಅವರ ಹಳೆಯ ಪುಟ್ಟ ಕಾರು ಅದೇ ಏರಿನಲ್ಲಿ ಹಿಂದಕ್ಕೆ ಜಾರಿ ಚರಂಡಿಗೆ ಇಳಿದಿತ್ತು. ಒಳಗೆ ಇಬ್ಬರು ಹುಡುಗಿಯರು, ಯಾಗೊದಾ ಮತ್ತು ಸೆಂಕಾ, ಜೊತೆಗೆ ನಮ್ಮ ಅಮ್ಮ. ಯಾರಿಗೂ ಏಟಾಗಲಿಲ್ಲ. ತೊಡೆಯ ಮೇಲಿದ್ದ ಕೆನೆಯ ಪಾತ್ರೆ ಚೂರೂ ತುಳುಕಲಿಲ್ಲ ಎಂದು ಅಮ್ಮ ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾಳೆ.

ಆದರೆ ಇನ್ನು ಮುಂದೆ ಚಳಿಗಾಲ ಇಲ್ಲಿ ಬೇಡ ಎಂದು ಅಣ್ಣ ತೀರ್ಮಾನಿಸಿದ. ನವೆಂಬರಿನಲ್ಲಿ ಹಸುಗಳನ್ನು ಮಾರಿ ಪೇಟೆಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿಯುವುದು, ಹಿಮ ಕರಗಿದ ಮೇಲೆ ಮೇಲಕ್ಕೆ ಬರುವುದು. ಅಮ್ಮ ಎದ್ದು ಕೊಟ್ಟಿಗೆಗೆ ಹೋದಳು. ಅತ್ತಿಗೆ ಮಾತ್ರ ಅಡುಗೆಮನೆಯ ಬಾಗಿಲಲ್ಲೇ ನಿಂತು ಹೇಳಿದಳು:

"ನವೆಂಬರ್ ತನಕ ಟೈಮ್ ಕೊಡು ರಾದೊ. ಈ ರಸ್ತೆಗೆ ಆಗೋ ಕಾರು ನಾನು ಹುಡುಕ್ತೀನಿ. ಸಿಗಲಿಲ್ಲ ಅಂದ್ರೆ ಹಸು ಹಗ್ಗ ನಾನೇ ಬಿಚ್ಚಿ ಕೊಡ್ತೀನಿ, ಅಳೋದೂ ಇಲ್ಲ."

ಆ ಬೇಸಿಗೆಯಿಡೀ ಅವಳು ಕಂಡಕಂಡವರನ್ನು ಕೇಳಿದಳು. ಹಸು ನೋಡಲು ಬರುವ ಪಶುವೈದ್ಯರನ್ನು, ಹಿಮ ತೆಗೆಯುವ ಗಾಡಿಯವನನ್ನು, ಟಪಾಲಿನವನನ್ನು. ನೀವು ಯಾವ ಕಾರಲ್ಲಿ ಹತ್ತುತ್ತೀರಿ, ಎಲ್ಲಿ ಸಿಕ್ಕಿಹಾಕಿಕೊಂಡಿರಿ, ಏನು ಮುರಿಯಿತು. ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಂಡಳು. ಹೊಸ ಕಾರಿನ ಮಾತು ಎತ್ತುವಂತೆಯೇ ಇರಲಿಲ್ಲ. ಹುಡುಕಬೇಕಾದದ್ದು ಇನ್ನೊಬ್ಬರು ಓಡಿಸಿ ಬಿಟ್ಟದ್ದರಲ್ಲೇ.

ಇಲ್ಲಿ ದ್ರಾಗೊಯೆ ಬಗ್ಗೆ ಹೇಳಬೇಕು. ಅವನು ಅಣ್ಣನ ಮದುವೆಯಲ್ಲಿ ಪಕ್ಕದಲ್ಲಿ ನಿಂತು ಸಾಕ್ಷಿಯಾದವನು, ಹುಡುಗಿಯರ ಜ್ಞಾನಸ್ನಾನದಲ್ಲಿ ಧರ್ಮಪಿತನಾಗಿ ನಿಂತವನು, ಅಂದರೆ ನಮ್ಮ ಕೂಮ. ನಮ್ಮಲ್ಲಿ ಕೂಮನೆಂದರೆ ರಕ್ತಸಂಬಂಧಿಗಿಂತ ಒಂದು ಕೈ ಹೆಚ್ಚು. ಅವನೂ ನಮ್ಮನ್ನೆಲ್ಲ ಕೂಮ ಎಂದೇ ಕರೆಯುತ್ತಾನೆ. ಮನುಷ್ಯ ಚಿನ್ನ, ಬಾಯಿ ಮಾತ್ರ ಜಾಸ್ತಿ. ಪೇಟೆಯಲ್ಲಿ ಅವನ ದೊಡ್ಡ ಕಪ್ಪು ಕಾರು ನಿಂತಿದ್ದರೆ ಇನ್ನೊಂದು ಕಾರು ನಿಲ್ಲಿಸಲು ಜಾಗವಿರುವುದಿಲ್ಲ. ಅತ್ತಿಗೆ ಕಾರು ಹುಡುಕುತ್ತಿದ್ದಾಳೆಂದು ತಿಳಿದದ್ದೇ ತಡ, ಅಣ್ಣನಿಗೆ ಫೋನು ಮಾಡಿ ರಾಜಧಾನಿ ಪೊದ್‌ಗೊರಿತ್ಸಾದ ಒಬ್ಬ ವ್ಯಾಪಾರಿಯ ಹತ್ತಿರ ಸಾಕ್ಷಾತ್ ಜೀಪು ಬಂದಿದೆ, ಹೋಗಿ ಕಣ್ಣುಮುಚ್ಚಿ ತಗೊಂಡು ಬಾ ಎಂದ.

ಪೇಟೆಯ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ನನಗೆ ಆ ದಿನ ರಜೆ ಇತ್ತು, ನಾನೂ ಹೋದೆ. ಅತ್ತಿಗೆ ಜೊತೆಗೆ ಎರಡು ಸಾಮಾನು ತಂದಿದ್ದಳು: ಹಾಲಿನ ಖಾಲಿ ಕ್ಯಾನು ಒಂದು, ನಮ್ಮ ಅಮ್ಮ ಒಬ್ಬಳು. ಕ್ಯಾನು ಹಿಂದೆ ನಿಲ್ಲಬೇಕು, ಅಮ್ಮನ ಮಂಡಿನೋವಿಗೆ ಸೀಟು ಒಗ್ಗಬೇಕು, ಇವೆರಡೂ ಆಗದಿದ್ದರೆ ಉಳಿದ ಮಾತೇ ಬೇಡ ಎಂದಿದ್ದಳು.

ವ್ಯಾಪಾರಿ ನಗುನಗುತ್ತ ಬಂದು ಅಣ್ಣನ ಕೈ ಕುಲುಕಿದ. ಕಾರು ನೋಡಲು ನಿಜಕ್ಕೂ ಭರ್ಜರಿಯಾಗಿತ್ತು. ಎತ್ತರ, ಅಗಲ, ಹೊಳಪು. ಅಮ್ಮ ಕಾಲೆತ್ತಿ ಹತ್ತಲು ನೋಡಿ, ಆಗದೆ, ಇದಕ್ಕೊಂದು ಏಣಿ ಕೊಡ್ತಾರಾ ಕೇಳು ಎಂದಳು. ಅವನು ಅಣ್ಣನಿಗೆ ಇಂಜಿನ್ನಿನ ಬಲ ವರ್ಣಿಸುತ್ತಿದ್ದಾಗ ಅತ್ತಿಗೆ ಒಳ್ಳೆಯ ಕೋಟು ಹಾಕಿಕೊಂಡೇ ನೆಲದ ಮೇಲೆ ಅಂಗಾತ ಮಲಗಿ ಕಾರಿನ ಅಡಿಗೆ ತಲೆ ತೂರಿಸಿದಳು. ಸ್ವಲ್ಪ ಹೊತ್ತು ಕಾಲುಗಳು ಮಾತ್ರ ಕಾಣುತ್ತಿದ್ದವು. ಆಮೇಲೆ ಅಲ್ಲಿಂದಲೇ ಧ್ವನಿ ಬಂತು.

"ಹಿಂದಿನ ಚಕ್ರಕ್ಕೆ ಎಳೆತ ಕೊಡೋ ಶಾಫ್ಟೇ ಇಲ್ವಲ್ಲ. ಇದು ಮುಂದಿನ ಎರಡು ಚಕ್ರದಲ್ಲೇ ಓಡೋ ಗಾಡಿ."

ವ್ಯಾಪಾರಿಯ ನಗು ಮಾಯವಾಗಲಿಲ್ಲ, ತುಸು ಬಿಗಿಯಾಯಿತು ಅಷ್ಟೆ. ಈಗಿನ ಕಾಲದಲ್ಲಿ ಎಲ್ಲರೂ ಇಂಥದ್ದನ್ನೇ ಕೇಳುತ್ತಾರೆ, ಜೀಪಿನ ಆಕಾರ ಇದ್ದರೆ ಸಾಕು ಎಂದು ಅಣ್ಣನಿಗೆ ಹೇಳಿದ. ಅಣ್ಣ ಮೊದಲ ಸಲ ಬಾಯಿಬಿಟ್ಟ: "ಆಕಾರ ನೋಡೋಕೆ ನಂಗೆ ಕಣ್ಣಿಲ್ಲ ಸ್ವಾಮಿ." ಅತ್ತಿಗೆ ಕೋಟು ಕೊಡವಿಕೊಂಡು ಎದ್ದಳು. ನಾವು ಬಸ್ಸು ಹತ್ತಿದೆವು.

ಎರಡನೆಯ ಕಾರು ಬಿಯೆಲೊ ಪೊಲ್ಯೆ ಎಂಬ ಊರಿನಲ್ಲಿ ಸಿಕ್ಕಿತು. ಅದಕ್ಕೆ ನಾಲ್ಕು ಚಕ್ರಕ್ಕೂ ಎಳೆತ ಇತ್ತು, ಅಮ್ಮ ಆರಾಮಾಗಿ ಕೂತಳು, ಕ್ಯಾನೂ ನಿಂತಿತು. ನನಗಂತೂ ಆಗಿಹೋಯಿತು ಅನ್ನಿಸಿತ್ತು. ಆದರೆ ಅತ್ತಿಗೆ ಟೈರುಗಳನ್ನು ಒಂದೊಂದಾಗಿ ಸವರಿ ನೋಡಿದಳು. ಎರಡು ಹೊಸವು, ಎರಡು ಬೋಳು. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಹಿಡಿದು ಅಂಗಳದಲ್ಲಿ ಮೆಲ್ಲಗೆ ಒಂದು ಸುತ್ತು ಹಾಕಿದಳು. ಕಾರು ಯಾರೋ ಹಿಂದಿನಿಂದ ಹಿಡಿದು ಜಗ್ಗುತ್ತಿರುವ ಹಾಗೆ ಮುಗ್ಗರಿಸಿ ಮುಗ್ಗರಿಸಿ ತಿರುಗಿತು. ಹೀಗೆ ಬೇರೆಬೇರೆ ಸವೆತದ ಟೈರು ಹಾಕಿ ವರ್ಷಗಟ್ಟಲೆ ಓಡಿಸಿದರೆ ನಾಲ್ಕು ಚಕ್ರಕ್ಕೆ ಬಲ ಹಂಚುವ ಗಿಯರೇ ಸವೆದುಹೋಗುತ್ತದೆ ಎಂದು ಪಶುವೈದ್ಯರು ಅವಳಿಗೆ ಹೇಳಿದ್ದರಂತೆ. ಅವರು ಸ್ವಂತ ಕೈಸುಟ್ಟುಕೊಂಡೇ ಕಲಿತದ್ದು. ಅಡಿಯಲ್ಲಿ ಹೊಸದಾಗಿ ಕಪ್ಪು ಬಣ್ಣ ಬಳಿದಿತ್ತು. ಅವಳು ಉಗುರಿನಿಂದ ಕೆರೆದಳು, ತುಕ್ಕು ಬಿಸ್ಕತ್ತಿನ ಹಾಗೆ ಪುಡಿಪುಡಿಯಾಗಿ ಉದುರಿತು.

ಅಷ್ಟರಲ್ಲಿ ಅಕ್ಟೋಬರ್ ಬಂದಿತ್ತು. ಹಸು ಕೊಳ್ಳುವವನೊಬ್ಬ ಬಂದು ಕೊಟ್ಟಿಗೆ ನೋಡಿ ಹೋಗಿದ್ದ. ದ್ರಾಗೊಯೆ ಸಿಕ್ಕಾಗೆಲ್ಲ ಅಣ್ಣನ ಬೆನ್ನು ತಟ್ಟಿ, "ಏನ್ ಕೂಮ, ನಿನ್ ಹೆಂಡ್ತಿ ಕಾರು ಹುಡುಕ್ತಾ ಇದಾಳೋ, ಅಳಿಯನ್ನ ಹುಡುಕ್ತಾ ಇದಾಳೋ?" ಎಂದು ಕಿಚಾಯಿಸುತ್ತಿದ್ದ. ಒಂದು ಸಂಜೆ ಅತ್ತಿಗೆ ನನ್ನ ಹತ್ತಿರ, ನಾನೇ ಜಾಸ್ತಿ ಬಿಗಿ ಮಾಡ್ತಿದೀನೇನೋ, ಒಂದು ತುಕ್ಕಿನ ಗಾಡಿಯಲ್ಲಾದರೂ ಈ ವರ್ಷ ತಳ್ಳಬಹುದಿತ್ತೇನೋ ಎಂದಳು. ಅವಳ ದನಿ ಅಷ್ಟು ಕುಗ್ಗಿದ್ದನ್ನು ನಾನು ಕೇಳಿದ್ದೇ ಇಲ್ಲ.

ಮೂರನೆಯ ಕಾರಿನ ಸುದ್ದಿ ಟಪಾಲಿನವನು ತಂದ. ಕಣಿವೆಯಾಚೆ ಗುಡ್ಡದ ಮೇಲಿನ ಸನ್ಯಾಸಿನಿಯರ ಮಠದಲ್ಲಿ ಹಳೆಯ ಕಾರೊಂದನ್ನು ಕೊಡುತ್ತಾರಂತೆ. ಅವರ ಸಂಖ್ಯೆ ಹೆಚ್ಚಿತ್ತು, ಭಕ್ತರೊಬ್ಬರು ವ್ಯಾನು ಕೊಡಿಸಿದ್ದರು. ಅತ್ತಿಗೆ ಫೋನು ಮಾಡಿ ಒಂದೇ ಒಂದು ಮಾತು ಬೇಡಿಕೊಂಡಳು: ನಾವು ಬರುವವರೆಗೆ ಇಂಜಿನ್ ಶುರುಮಾಡಬೇಡಿ, ತಣ್ಣಗಿದ್ದರೇ ಅದರ ಕುಂದು ತಿಳಿಯುವುದು.

ಕಾರು ಮಠದ ಜೇನುಪೆಟ್ಟಿಗೆಗಳ ಪಕ್ಕ ನಿಂತಿತ್ತು. ಉದ್ದನೆಯ ಬೆನ್ನಿನ ಹಳೆಯ ಕಾರು, ಉಪ್ಪಿನಕಾಯಿಗೆ ಹಾಕಿದ ಮೆಣಸಿನಕಾಯಿಯ ಹಸಿರು ಬಣ್ಣ, ಒಂದು ಬಾಗಿಲು ನಗ್ಗಾಗಿತ್ತು. ಒಳಗೆಲ್ಲ ಜೇನುಮೇಣದ ವಾಸನೆ. ಮಠದ ಹಿರಿಯಳು ಮಾತೆ ಯೆವ್ಗೇನಿಯಾ ಗಿಡ್ಡ, ಗಟ್ಟಿಮುಟ್ಟಾದ ಹೆಂಗಸು, ಕಪ್ಪು ನಿಲುವಂಗಿಯ ಕೆಳಗೆ ರಬ್ಬರ್ ಬೂಟು. ಅವರು ಅಣ್ಣನ ಕಡೆ ನೋಡಲೇ ಇಲ್ಲ. ನೇರವಾಗಿ ಅತ್ತಿಗೆಯ ಕೈಯಲ್ಲಿ ಬೀಗದಕೈ ಇಟ್ಟರು.

"ನೋಡ್ಕೋ ಮಗಳೇ, ಅಡಿಗೆ ಹೋಗ್ಬೇಕಾದ್ರೆ ಹೋಗು, ಚಾಪೆ ಕೊಡ್ತೀನಿ. ನೀನು ಕಾರು ನೋಡಿದ್ಮೇಲೆ ನಾನು ನಿನ್ನ ನೋಡ್ತೀನಿ. ಯಾರ್ಯಾರಿಗೋ ಕೊಡೋಕೆ ನಂಗೆ ಇಷ್ಟ ಇಲ್ಲ."

ಅತ್ತಿಗೆ ಚಾಪೆಯ ಮೇಲೆ ಮಲಗಿ ನೋಡಿದಳು. ಶಾಫ್ಟು ಇತ್ತು, ತುಕ್ಕು ಮೇಲ್ಮೇಲೆ ಮಾತ್ರ, ಎಣ್ಣೆ ಸೋರಿದ ಗುರುತಿರಲಿಲ್ಲ. ನಾಲ್ಕೂ ಟೈರು ಒಂದೇ ಜಾತಿ, ಒಂದೇ ಸವೆತ. ತಣ್ಣಗಿದ್ದ ಇಂಜಿನ್ ಒಂದೇ ಸಲಕ್ಕೆ ಶುರುವಾಯಿತು. ಅಂಗಳದಲ್ಲಿ ಸುತ್ತು ಹಾಕಿದಾಗ ಬೆಣ್ಣೆಯ ಮೇಲೆ ಚಾಕು ಹೋದಹಾಗೆ ತಿರುಗಿತು. ಕಾರಿನ ಹೊಟ್ಟೆ ನೆಲದಿಂದ ಸಾಕಷ್ಟು ಮೇಲಿದ್ದರೂ ಅಮ್ಮ ಯಾರ ಕೈಯೂ ಹಿಡಿಯದೆ ಒಳಗೆ ಕೂತಳು. ಹಾಲಿನ ಕ್ಯಾನು ಹಿಂದೆ ನಿಂತು, ಇನ್ನೆರಡಕ್ಕೆ ಜಾಗ ಉಳಿಯಿತು.

ಆಮೇಲೆ ಮಾತೆ ಅತ್ತಿಗೆಯ ಪಕ್ಕದಲ್ಲಿ ಕೂತು ಮಠದ ಹಿಂದಿನ ಏರಿಗೆ ಬಿಡಲು ಹೇಳಿದರು. ಹಿಂದಿನ ದಿನದ ಮಳೆಗೆ ಜಲ್ಲಿ ಸಡಿಲವಾಗಿತ್ತು. ಅರ್ಧ ಏರಿನಲ್ಲಿ, ನಮ್ಮ ಹಳೆಯ ಕಾರು ಜಾರಿದ್ದಂಥದ್ದೇ ಜಾಗದಲ್ಲಿ, ನಿಲ್ಲಿಸು ಎಂದರು. ಅತ್ತಿಗೆ ನಿಲ್ಲಿಸಿದಳು. ಅವಳ ಕುತ್ತಿಗೆಯ ನರ ಬಿಗಿದದ್ದು ಹಿಂದೆ ಕೂತ ನನಗೆ ಕಾಣಿಸಿತು. ಈಗ ಹೊರಡು ಎಂದರು. ಅವಳು ಕ್ಲಚ್ಚನ್ನು ನಿಧಾನವಾಗಿ ಬಿಟ್ಟಳು. ಒಂದೆರಡು ಕಲ್ಲು ಅಡಿಗೆ ಬಡಿದವು. ಆಮೇಲೆ ನಾಲ್ಕೂ ಚಕ್ರ ನೆಲವನ್ನು ಕಚ್ಚಿ ಹಿಡಿದವು, ಕಾರು ಕಿಂಚಿತ್ತೂ ಹಿಂದೆ ಸರಿಯದೆ ಮೇಲಕ್ಕೆ ಹೊರಟಿತು.

"ಗಾಬರಿಯಾದ್ರೂ ಆಕ್ಸಿಲರೇಟರ್ ಒತ್ತಲಿಲ್ಲ ನೀನು," ಎಂದರು ಮಾತೆ. "ತಗೊಂಡ್ಹೋಗು."

ದ್ರಾಗೊಯೆ ಕಾರು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಇದರಲ್ಲಿ ಹಾರ್ನು ಒತ್ತಿದರೆ ಪ್ರಾರ್ಥನೆ ಕೇಳಿಸುತ್ತಾ ಎಂದು ಕೇಳಿದ. ಅಣ್ಣ ಮಾತ್ರ ಹಸು ಕೊಳ್ಳುವವನಿಗೆ ಬರಬೇಡವೆಂದು ಹೇಳಿ ಕಳಿಸಿದ. ಅತ್ತಿಗೆ ಹಿಮಕ್ಕೆಂದೇ ಮಾಡಿದ ಟೈರುಗಳನ್ನು ನಾಲ್ಕಕ್ಕೆ ನಾಲ್ಕೂ ಹಾಕಿಸಿದಳು. ಅಂಗಡಿಯವನು ಎರಡು ಸಾಕಲ್ಲ ಎಂದಿದ್ದಕ್ಕೆ, ನಿನ್ನ ಬೂಟಿನಲ್ಲಿ ಒಂದು ಕಾಲಿಗೆ ಮಾತ್ರ ಅಟ್ಟೆ ಇದ್ದರೆ ಸಾಕಾ ಎಂದು ಕೇಳಿದಳಂತೆ.

ಡಿಸೆಂಬರಿನಲ್ಲಿ ಸಂತ ನಿಕೊಲಾನ ದಿನ ನಮ್ಮ ಮನೆತನದ ಹಬ್ಬ, ಸ್ಲಾವಾ. ಅಡುಗೆಗೆ ನೆರವಾಗಲು ನಾನು ಮುನ್ನಾದಿನವೇ ಹೋಗಿದ್ದೆ. ಕ್ರಿಸ್‌ಮಸ್‌ಗೆ ಮುಂಚೆ ಮಾಂಸ, ಹಾಲು ಮುಟ್ಟದ ಉಪವಾಸದ ಕಾಲವಾದ್ದರಿಂದ ಮೀನು, ಒಲೆಯಲ್ಲಿ ಬೇಯಿಸಿದ ಅವರೆ, ಮಾಂಸವಿಲ್ಲದ ಎಲೆಕೋಸಿನ ಸುರುಳಿ. ಆ ದಿನವೆಲ್ಲ ಹಿಮ ಬಿತ್ತು, ಹಬ್ಬದ ಬೆಳಗ್ಗೆಯೂ ಬಿತ್ತು. ನೆಂಟರು ಮಧ್ಯಾಹ್ನಕ್ಕೆ ಬರಬೇಕು, ಪಾದ್ರಿ ವೆಲಿಮೀರ್ ಬಂದು ಹಬ್ಬದ ರೊಟ್ಟಿ ಕತ್ತರಿಸಬೇಕು. ಅಷ್ಟರಲ್ಲಿ ಅಣ್ಣನಿಗೆ ಫೋನು ಬಂತು. ದ್ರಾಗೊಯೆ ಎರಡನೇ ತಿರುವಿನಲ್ಲಿ ರಸ್ತೆಗೆ ಅಡ್ಡಲಾಗಿ ಸಿಕ್ಕಿಹಾಕಿಕೊಂಡಿದ್ದಾನೆ. ಅವನ ಹಿಂದೆ ಪಾದ್ರಿ, ಅವರ ಹಿಂದೆ ನಮ್ಮ ಚಿಕ್ಕಮ್ಮನ ಕುಟುಂಬ.

ಅತ್ತಿಗೆ ಏಪ್ರನ್ ಬಿಚ್ಚದೆ ಅದರ ಮೇಲೇ ಕೋಟು ಹಾಕಿಕೊಂಡಳು. ಮೀನು ಅಮ್ಮನಿಗೆ ಒಪ್ಪಿಸಿ, ಸಲಿಕೆ, ಹಗ್ಗ, ನನ್ನನ್ನು ಕಾರಿಗೆ ತುಂಬಿದಳು. ಇಳಿಯುವಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಅವಳು ಮೊದಲ ಗಿಯರಿನಲ್ಲಿ, ನಡೆದು ಹೋಗುವವರ ವೇಗದಲ್ಲಿ, ಬ್ರೇಕಿನ ತಂಟೆಗೇ ಹೋಗದೆ ಇಳಿಸಿದಳು. ಹತ್ತಲು ನಾಲ್ಕು ಚಕ್ರ ಸಹಾಯ ಮಾಡುತ್ತವೆ, ನಿಲ್ಲಲು ಮಾಡುವುದಿಲ್ಲ, ಅದು ನೆನಪಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು.

ಕಪ್ಪು ಕಾರು ಬಾಗಿಲ ಅಗುಳಿಯ ಹಾಗೆ ರಸ್ತೆಗೆ ಅಡ್ಡವಾಗಿತ್ತು. ಅದಕ್ಕೂ ನಾಲ್ಕು ಚಕ್ರಕ್ಕೆ ಎಳೆತ ಇತ್ತು, ಅದು ನಿಜವಾದದ್ದೇ. ಆದರೆ ಹಾಕಿದ್ದು ಬೇಸಿಗೆಯ ಟೈರು. ದ್ರಾಗೊಯೆ ಒತ್ತಿದಷ್ಟೂ ನಾಲ್ಕೂ ಚಕ್ರ ಗಿರಗಿರನೆ ಸುತ್ತಿ ಹಿಮವನ್ನು ಉಜ್ಜಿ ಕನ್ನಡಿ ಮಾಡಿದ್ದವು. ಅವನ ಮೀಸೆಯ ಮೇಲೂ ಹಿಮ. ಅತ್ತಿಗೆ ನಮ್ಮ ಕಾರಿನ ಮೂತಿಯನ್ನು ಏರಿನ ಕಡೆ ತಿರುಗಿಸಿ ನಿಲ್ಲಿಸಿ ಹಗ್ಗ ಕಟ್ಟಿದಳು, ಚಕ್ರಗಳ ಮುಂದೆ ಸಲಿಕೆಯಿಂದ ಕೆರೆದು ಜಲ್ಲಿ ಕಾಣುವಂತೆ ಮಾಡಿದಳು.

"ಕೂಮ, ನೀನು ಒಳಗೆ ಕೂತ್ಕೊ. ಸ್ಟೀರಿಂಗ್ ನೆಟ್ಟಗೆ ಹಿಡ್ಕೊ, ಪೆಡಲ್ಲಿಂದ ಕಾಲು ತೆಗಿ. ನಾನು ಹೇಳೋ ತನಕ ಏನೂ ಮಾಡ್ಬೇಡ."

"ಏನೂ ಮಾಡ್ಬಾರ್ದಾ?"

"ಸುಮ್ನಿರೋದು ನಿಂಗೆ ಕಷ್ಟ ಅಂತ ಗೊತ್ತು. ಒಂದ್ನಿಮಿಷ ಪ್ರಯತ್ನ ಪಡು."

ಕೆಳಗೆ ನಿಂತಿದ್ದ ಪಾದ್ರಿ ಕೆಮ್ಮಿ ನಗು ಮುಚ್ಚಿಕೊಂಡರು. ಹಸಿರು ಕಾರು ಹಗ್ಗ ಬಿಗಿಯಾಗುವವರೆಗೆ ಮುಂದೆ ಸರಿದು, ಒಂದು ಗಳಿಗೆ ನಿಂತಲ್ಲೇ ಗುರುಗುಟ್ಟಿತು. ಅತ್ತಿಗೆ ಅವಸರ ಮಾಡಲಿಲ್ಲ. ಕಪ್ಪು ಕಾರಿನ ಮೂತಿ ಮೆಲ್ಲಗೆ ತಿರುಗಿತು, ನೆಟ್ಟಗಾಯಿತು, ಆಮೇಲೆ ಕರು ತಾಯಿಯ ಹಿಂದೆ ಬರುವಂತೆ ಏರಿ ಬಂದು, ರಸ್ತೆ ಅಗಲವಾದ ಕಡೆ ನಿಂತಿತು. ನಾನು ಚಪ್ಪಾಳೆ ತಟ್ಟುತ್ತಿದ್ದೇನೆಂಬುದು ಚಿಕ್ಕಮ್ಮನೂ ತಟ್ಟಲು ಶುರುಮಾಡಿದ ಮೇಲೆಯೇ ನನಗೆ ಗೊತ್ತಾದದ್ದು.

ಕಾರುಗಳನ್ನೆಲ್ಲ ಅಲ್ಲೇ ನಿಲ್ಲಿಸಲು ಹೇಳಿ, ಎಲ್ಲರನ್ನೂ ಸರದಿಯಲ್ಲಿ ತಾನೇ ಮೇಲಕ್ಕೆ ಒಯ್ದಳು. ಮೊದಲು ಪಾದ್ರಿ ಮತ್ತು ಅವರ ಧೂಪದ ಚೀಲ, ಆಮೇಲೆ ಚಿಕ್ಕಮ್ಮನ ಮನೆಯವರು, ಕೊನೆಯಲ್ಲಿ ದ್ರಾಗೊಯೆ ಮತ್ತು ಅವನ ಹೆಂಡತಿ. ಅವನು ಮೊಣಕಾಲು ಮಡಚಿಕೊಂಡು ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತ. ಮನೆ ಕಾಣಿಸುವಾಗ ಅತ್ತಿಗೆಯ ಸೀಟಿನ ಕಡೆ ಬಾಗಿದ.

"ಕೂಮ, ಆ ಟೈರು ಎಲ್ಲಿ ಹಾಕಿಸ್ದೆ ನೀನು?"

"ನಾಳೆ ಕರ್ಕೊಂಡ್ಹೋಗ್ತೀನಿ," ಎಂದಳು ಅತ್ತಿಗೆ, ಕನ್ನಡಿಯಲ್ಲಿ ಅವನನ್ನು ನೋಡುತ್ತ. ಇಬ್ಬರೂ ನಕ್ಕರು. ಅವನದ್ದು ಮನಸಾರೆ ನಕ್ಕ ನಗು, ಅದಕ್ಕೇ ಅವನು ನಮಗೆ ಬೇಕಾದವನು.

ಹಬ್ಬದ ರೊಟ್ಟಿ ಸ್ವಲ್ಪ ತಡವಾಗಿಯೇ ಕತ್ತರಿಸಿದ್ದು. ಮನೆಯ ಯಜಮಾನ ಆ ದಿನ ಕೂರುವಂತಿಲ್ಲ. ಅಣ್ಣ ನಿಂತೇ ಎಲ್ಲರಿಗೂ ಬಡಿಸಿದ, ನಿಂತೇ ಲೋಟ ಎತ್ತಿದ. ಸಂತನ ಹೆಸರು ಹೇಳಿದ, ತೀರಿಕೊಂಡವರ ಹೆಸರು ಹೇಳಿದ. ಆಮೇಲೆ ಹೆಂಡತಿಯ ಕಡೆ ತಿರುಗಿದ.

"ಈ ಹಬ್ಬ ಪೇಟೇಲಿ, ಬಾಡಿಗೆ ಕೋಣೇಲಿ ಆಗ್ಬೇಕಿತ್ತು," ಎಂದ. "ಹಾಗಾಗ್ದೆ ಇದ್ದಿದ್ದಕ್ಕೆ ಕಾರಣ ಮಿಲಿಯಾನಾ. ನಾವು ಎಲ್ಲಿಗೂ ಇಳಿಯಲ್ಲ. ಚಳಿಗಾಲ ಇಲ್ಲೇ."

ಅಮ್ಮ ಮುಖ ಆ ಕಡೆ ತಿರುಗಿಸಿ ಕಣ್ಣೊರೆಸಿಕೊಂಡಳು. ಅತ್ತಿಗೆ ಕೆಂಪಾಗಿ, ಮೀನು ಆರುತ್ತಿದೆ ತಿನ್ನಿ ಎಂದು ಎಲ್ಲರನ್ನೂ ಗದರಿದಳು.

ಆ ಚಳಿಗಾಲದಲ್ಲಿ ಹಿಮ ಬೇಲಿಗೂಟಗಳನ್ನು ಮುಚ್ಚಿತು. ಒಮ್ಮೆ ಪೇಟೆಯ ಮಕ್ಕಳೇ ಶಾಲೆಗೆ ಬಾರದ ದಿನ ಯಾಗೊದಾ ಮತ್ತು ಸೆಂಕಾ ಹೋಗಿ ಕೂತಿದ್ದರು, ಟೀಚರು ಇಬ್ಬರಿಗೇ ಪಾಠ ಮಾಡಿದರಂತೆ. ನಾನು ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಸರಿಯಾಗಿ ಹಸಿರು ಕಾರು ತಿರುವಿನಲ್ಲಿ ಕಾಣಿಸಿಕೊಳ್ಳುತ್ತಿತ್ತು. ತಲೆಯ ಮೇಲೆ ಮೊಳದುದ್ದ ಹಿಮ ಹೊತ್ತುಕೊಂಡು, ಹುಡುಗಿಯರು ಕಿಟಕಿಯಿಂದ ಕೈಬೀಸುತ್ತ. ಅತ್ತಿಗೆ ನನಗೊಂದು ಹಾರ್ನು ಹೊಡೆದು, ನಿಲ್ಲಿಸದೆ, ಹಾಲು ಹಾಕಲು ಹಾಲಿನ ಅಂಗಡಿಯ ಕಡೆ ಹೋಗುತ್ತಿದ್ದಳು.